ಲೆಕ್ಕದೊಳಗಿನ ನೀರು, ಲೆಕ್ಕದೊಳಗಿನ ಗಾಳಿ

ಹೋದ ತಿಂಗಳು ಈ ಅಂಕಣದಲ್ಲಿ, ಅಲೆ, ಹನಿ, ಗುಳ್ಳೆಗಳನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುವವರ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಪುಟದ ಕೊನೆಯಲ್ಲಿ ಜಾಗ ಉಳಿದಿತ್ತು, ಸುಮ್ನೆ ತುಂಬಿಸಿದ್ದು. ಅದಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಕೊನೇ ವರ್ಷ. ಡ್ಯಾಂ ಒಡೆದು ನೀರು ನುಗ್ಗುವುದನ್ನು ಕಂಪ್ಯೂಟರ್‌ನಲ್ಲಿ ಮಾಡುವುದು ಅವನ ಪ್ರಾಜೆಕ್ಟ್ ಅಂತೆ. ರಾತ್ರಿಯಿಡೀ ಲ್ಯಾಪ್‌ಟಾಪ್ ಬುಸುಗುಡುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಎರಡು ಸೆಕೆಂಡಿನ ವಿಡಿಯೋ! ಸಿನಿಮಾದವರು ಇಡೀ ಸಮುದ್ರವನ್ನೇ ಎಬ್ಬಿಸಿ ತೋರಿಸುತ್ತಾರೆ. ಇವನು ಓದುತ್ತಿದ್ದಾನೋ, ಆಟ ಆಡುತ್ತಿದ್ದಾನೋ? (ದಾವಣಗೆರೆ)

ಉತ್ತರ: ಓದುತ್ತಿದ್ದಾನೆ ಸಾರ್, ಬಯ್ಯಬೇಡಿ. ಎರಡು ಸೆಕೆಂಡ್ ಬಂದಿದ್ದರೆ ಅದೂ ದೊಡ್ಡದೇ.

ಕಂಪ್ಯೂಟರ್‌ಗೆ ನೀರು ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಹಾಗಾಗಿ ಮೊದಲು ಜಾಗವನ್ನೆಲ್ಲ ಚೌಕಾಬಾರದ ಮನೆಗಳ ಹಾಗೆ ಸಣ್ಣ ಸಣ್ಣ ಮನೆಗಳಾಗಿ ಕತ್ತರಿಸುತ್ತಾರೆ. ಒಂದೊಂದು ಮನೆಯಲ್ಲೂ ವೇಗ ಎಷ್ಟು, ಒತ್ತಡ ಎಷ್ಟು ಅಂತ ಬರೆದಿಡುತ್ತಾರೆ. ಆಮೇಲೆ ಒಂದು ಚೂರು ಕಾಲ ಮುಂದೆ ಹೋಗಿ ಎಲ್ಲ ಮನೆಗಳ ಲೆಕ್ಕವನ್ನೂ ಮತ್ತೆ ಮಾಡುತ್ತಾರೆ. ಮತ್ತೊಂದು ಚೂರು, ಮತ್ತೆ ಲೆಕ್ಕ. ಬರೀ ನೀರಿದ್ದರೆ ಇದು ಹೇಗೋ ನಡೆಯುತ್ತದೆ, ಬರೀ ಗಾಳಿಯಿದ್ದರೂ ನಡೆಯುತ್ತದೆ. ಎರಡೂ ಒಟ್ಟಿಗೆ ಬಂದರೆ ತಲೆನೋವು ಶುರು. ಒಂದು ಘನ ಮೀಟರ್ ನೀರು 1000 ಕಿಲೋ ತೂಗುತ್ತದೆ, ಅಷ್ಟೇ ಗಾಳಿ ಸುಮಾರು 1.2 ಕಿಲೋ. ಅಂದರೆ ಒಂದು ಮನೆಯಿಂದ ಪಕ್ಕದ ಮನೆಗೆ ಕಾಲಿಟ್ಟರೆ ತೂಕ 800 ಪಟ್ಟು ಬದಲಾಗಿರುತ್ತದೆ. ಒತ್ತಡದ ಲೆಕ್ಕದಲ್ಲಿ, ನೀರಿಗೆ ಗೊತ್ತೂ ಆಗದಷ್ಟು ಸಣ್ಣ ತಪ್ಪಾದರೂ ಸಾಕು, ಪಕ್ಕದಲ್ಲಿರುವ ಹಗುರ ಗಾಳಿ ರಾಕೆಟ್ ಥರ ಓಡಿಬಿಡುತ್ತದೆ.

ಇನ್ನು ಅಂಚು. ನೀರು ಎಲ್ಲಿ ಮುಗಿಯಿತು ಅಂತ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಹೇಗೆ? 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಹಾರ್ಲೋ ಮತ್ತು ವೆಲ್ಚ್ ಒಂದು ಉಪಾಯ ಮಾಡಿದರು. ಲೆಕ್ಕದ ನೀರಿನಲ್ಲಿ ಚುಕ್ಕಿಗಳನ್ನು ತೇಲಿಬಿಟ್ಟರು. ಚುಕ್ಕಿ ಇರುವ ಮನೆಯಲ್ಲಿ ನೀರು ಇದೆ, ಇಲ್ಲದ ಮನೆ ಖಾಲಿ. ಗಾಳಿಯ ಗೊಡವೆಗೇ ಹೋಗಲಿಲ್ಲ. 1981ರಲ್ಲಿ ಅಲ್ಲಿಯವರೇ ಆದ ಹರ್ಟ್ ಮತ್ತು ನಿಕೋಲ್ಸ್ ಇನ್ನೂ ಸುಲಭದ ದಾರಿ ಬರೆದರು, ನಿಮ್ಮ ಮಗ ಬಳಸುತ್ತಿರುವುದೂ ಬಹುಶಃ ಅದನ್ನೇ. ಪ್ರತಿ ಮನೆಗೂ ಒಂದು ಸಂಖ್ಯೆ. 1 ಇದ್ದರೆ ಪೂರ್ತಿ ನೀರು, 0 ಇದ್ದರೆ ಪೂರ್ತಿ ಗಾಳಿ, 0.4 ಇದ್ದರೆ ಅಂಚು ಆ ಮನೆಯೊಳಗೇ ಎಲ್ಲೋ ಇದೆ ಅಂತ. ಕತ್ತಲೆಯಲ್ಲಿ ಲೋಟ ಎತ್ತಿ ನೋಡಿದ ಹಾಗೆ ಇದು. ಅದರಲ್ಲಿ ಎಷ್ಟು ನೀರಿದೆ ಅಂತ ಭಾರದಿಂದ ಗೊತ್ತಾಗುತ್ತದೆ, ಯಾವ ಕಡೆಗೆ ವಾಲಿದೆ ಅಂತ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಮನೆಗಳ ಸಂಖ್ಯೆ ನೋಡಿ ಅಂಚಿನ ಓರೆಯನ್ನು ಊಹಿಸಬೇಕು. ಪ್ರತಿ ಹೆಜ್ಜೆಗೂ, ಪ್ರತಿ ಅಂಚಿನ ಮನೆಗೂ.

ಹೆಜ್ಜೆ ಅಂದೆ ನೋಡಿ, ಅದೂ ದೊಡ್ಡದಾಗಿ ಇಡುವಂತಿಲ್ಲ. ಒಂದು ಹೆಜ್ಜೆಯಲ್ಲಿ ನೀರು ಒಂದು ಮನೆಗಿಂತ ಜಾಸ್ತಿ ದೂರ ದಾಟಿದರೆ ಲೆಕ್ಕ ಹಾಳಾಗುತ್ತದೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಇದನ್ನು 1928ರಲ್ಲೇ ಹೇಳಿದ್ದರು, ಆಗಿನ್ನೂ ಕಂಪ್ಯೂಟರ್ರೇ ಇರಲಿಲ್ಲ! ಮನೆ 1 ಮಿಲಿಮೀಟರ್, ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಅಂದರೆ ಹೆಜ್ಜೆ ಅರ್ಧ ಮಿಲಿಸೆಕೆಂಡ್ ದಾಟಬಾರದು. ಎರಡು ಸೆಕೆಂಡಿಗೆ ಕಡಿಮೆ ಅಂದರೂ 4000 ಹೆಜ್ಜೆ. ಮನೆಯ ಅಳತೆಯನ್ನು ಅರ್ಧ ಮಾಡಿದಿರೋ, ಉದ್ದ ಅಗಲ ಎತ್ತರ ಸೇರಿ ಮನೆಗಳು 8 ಪಟ್ಟು, ಹೆಜ್ಜೆಗಳು 2 ಪಟ್ಟು, ಒಟ್ಟು ಕೆಲಸ 16 ಪಟ್ಟು. ಒಂದು ರಾತ್ರಿಯ ಕೆಲಸ ಎರಡು ವಾರ ದಾಟಿತು ಅಲ್ವಾ?

ಸಿನಿಮಾದವರಿಗೆ ನೀರು ನೀರಿನ ಹಾಗೆ ಕಂಡರೆ ಸಾಕು. ಎಷ್ಟೋ ಸಲ ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನೊರೆಯನ್ನು ಬೇರೆಯೇ ಮಾಡಿ ಮೇಲೆ ಉದುರಿಸುತ್ತಾರೆ. ಅವರದು ತಪ್ಪೇನಲ್ಲ, ಕೆಲಸವೇ ಬೇರೆ.

ಮಗನಿಗೆ ಒಂದೇ ಒಂದು ಪ್ರಶ್ನೆ ಕೇಳಿ. "ಮನೆಯ ಅಳತೆ ಅರ್ಧ ಮಾಡಿದರೆ ನಿನ್ನ ಉತ್ತರ ಬದಲಾಗುತ್ತಾ?" ನನ್ನ ಕಾಲದಲ್ಲಿ ನಾನೂ ಇಂಥದ್ದೇ ಒಂದು ಚಂದದ ವಿಡಿಯೋ ಮಾಡಿಕೊಂಡು ಹೋಗಿದ್ದೆ, ನೀರು ಚಿಮ್ಮುವುದೇನು, ಬಣ್ಣವೇನು. ವೈವಾಕ್ಕೆ ಬಂದವರು ವಿಡಿಯೋ ಪೂರ್ತಿ ನೋಡಿ, ಚಹಾ ಕುಡಿದು, ಇದನ್ನೇ ಕೇಳಿದರು. ಅರ್ಧ ಮಾಡಿ ನೋಡಿರಲೇ ಇಲ್ಲ ನಾನು. ಮನೆಗೆ ಬಂದು ಮಾಡಿದರೆ ನನ್ನ ಚಿಮ್ಮುವ ನೀರು ಬೇರೆ ದಿಕ್ಕಿಗೇ ಚಿಮ್ಮಿತು.

ಪ್ರಶ್ನೆ: ಸರ್, ನಾನು ಎಂ.ಟೆಕ್ ವಿದ್ಯಾರ್ಥಿ. ಗಾಳಿಯಲ್ಲಿ ಒಂದು ನೀರಿನ ಹನಿ ಇಟ್ಟಿದ್ದೇನೆ, ಗುರುತ್ವ ಇಲ್ಲ, ಏನೂ ಇಲ್ಲ. ಅದು ಸುಮ್ಮನೆ ನಿಲ್ಲಬೇಕು. ಆದರೆ ಸುತ್ತ ತಾನಾಗಿಯೇ ಸುಳಿಗಳು ಏಳುತ್ತವೆ. ಇನ್ನೊಂದು ವಿಧಾನದಲ್ಲಿ ಮಾಡಿದರೆ ಹನಿ ದಿನೇ ದಿನೇ ಸಣ್ಣಗಾಗುತ್ತಿದೆ. ನನ್ನ ಕೋಡ್ ತಪ್ಪಾ? (ಹುಬ್ಬಳ್ಳಿ)

ಉತ್ತರ: ತಮ್ಮಾ, ಈ ಎರಡೂ ಕಾಯಿಲೆಗೆ ಹೆಸರಿಟ್ಟು ಆಗಿದೆ. ನೀನೊಬ್ಬನೇ ಅಲ್ಲ.

ಸುಳಿಗೆ ಪ್ಯಾರಸಿಟಿಕ್ ಕರೆಂಟ್ ಎನ್ನುತ್ತಾರೆ, ಪರಾವಲಂಬಿ ಹರಿವು. ಹನಿಯ ಚರ್ಮ ಒಳಗೆ ಎಳೆಯುತ್ತದೆ, ಅದೇ ಸರ್ಫೇಸ್ ಟೆನ್ಷನ್. ಒಳಗಿನ ಒತ್ತಡ ಹೊರಗೆ ತಳ್ಳುತ್ತದೆ. ನಿಜವಾದ ಹನಿಯಲ್ಲಿ ಎರಡೂ ಸರಿಸಮ. ಲೆಕ್ಕದಲ್ಲಿ ಎಳೆತ ಎಷ್ಟು ಅಂತ ತಿಳಿಯಲು ಅಂಚು ಎಷ್ಟು ಬಾಗಿದೆ ಅಂತ ತಿಳಿಯಬೇಕು, ಆದರೆ ನಿನ್ನ ಹತ್ತಿರ ಇರುವುದು 0.4, 0.7 ಥರದ ಸಂಖ್ಯೆಗಳ ರಾಶಿ. ಬಾಗನ್ನು ಅದರಿಂದ ಹಿಂಡಿ ತೆಗೆಯುವಾಗ ಒಂದು ಮನೆಗೊಂದು ಥರ ತಪ್ಪುತ್ತದೆ. ಎಳೆತ, ತಳ್ಳು ಸರಿಹೊಂದುವುದಿಲ್ಲ. ಆ ಉಳಿಕೆಯೇ ಸುಳಿಯಾಗಿ ತಿರುಗುತ್ತದೆ. ಸರ್ಫೇಸ್ ಟೆನ್ಷನ್ನನ್ನು ಅಂಚಿನ ಪಕ್ಕದ ತೆಳು ಪಟ್ಟಿಗೆ ಹಂಚುವ ದಾರಿಯನ್ನು ಬ್ರ್ಯಾಕ್‌ಬಿಲ್, ಕೋಥೆ, ಜೆಮಾಕ್ 1992ರಲ್ಲಿ ಕೊಟ್ಟರು, ಎಲ್ಲರೂ ಹಿಡಿದದ್ದು ಅದನ್ನೇ, ಸುಳಿಯ ಕಾಟವೂ ಅದರ ಜೊತೆಗೇ ಬಂತು. ಎರಡು ಕೆಲಸ ಮಾಡು. ಒತ್ತಡದ ಇಳಿಜಾರನ್ನು ಮನೆಗಳ ಯಾವ ಗೋಡೆಯ ಮೇಲೆ ಲೆಕ್ಕ ಹಾಕುತ್ತೀಯೋ, ಎಳೆತವನ್ನೂ ಅದೇ ಗೋಡೆಯ ಮೇಲೆ ಹಾಕು. ಬಾಗನ್ನು ಮಾತ್ರ ಒಂದೊಂದು ಸಾಲಿನ ಸಂಖ್ಯೆಗಳನ್ನು ಕೂಡಿಸಿ, ನೀರಿನ ಎತ್ತರ ಕಂಡುಹಿಡಿದು, ಆ ಎತ್ತರದಿಂದ ತೆಗೆ. ಸುಳಿ ಬಹಳ ತಗ್ಗುತ್ತದೆ.

ಹನಿ ಸಣ್ಣಗಾಗುವುದು ಲೆವೆಲ್ ಸೆಟ್ ವಿಧಾನದಲ್ಲಿ ಇರಬೇಕು, ಓಷರ್ ಮತ್ತು ಸೇಥಿಯನ್ 1988ರಲ್ಲಿ ಕೊಟ್ಟದ್ದು. ಅದರಲ್ಲಿ ಪ್ರತಿ ಮನೆಯೂ ಅಂಚಿನಿಂದ ತಾನೆಷ್ಟು ದೂರ ಇದ್ದೇನೆ ಅಂತ ನೆನಪಿಡುತ್ತದೆ. ಅಂಚು ನುಣುಪಾಗಿ ಬರುತ್ತದೆ, ಬಾಗು ಸಲೀಸಾಗಿ ಸಿಗುತ್ತದೆ. ಆದರೆ ನೀರು ಎಷ್ಟಿತ್ತು ಅನ್ನುವ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ, ಹಾಗಾಗಿ ಸೋರುತ್ತದೆ. 0, 1ರ ನಡುವಿನ ಸಂಖ್ಯೆ ಇಡುವ ಆ ಮೊದಲ ವಿಧಾನದಲ್ಲಿ ನೀರು ಸೋರುವುದಿಲ್ಲ, ಅಂಚು ಮೆಟ್ಟಿಲು ಮೆಟ್ಟಿಲು. ಎರಡನ್ನೂ ಜೋಡಿಸಿ ಬಳಸುವವರಿದ್ದಾರೆ. ನಿನ್ನ ಗೈಡ್ ಹತ್ತಿರ ಮೊದಲೇ ಹೇಳಿಬಿಡು, ವರದಿಯಲ್ಲಿ ಮುಚ್ಚಿಡಬೇಡ.

ಪ್ರಶ್ನೆ: ನಮ್ಮ ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ 2024ರ ಆಗಸ್ಟ್ 10ರ ರಾತ್ರಿ ಗೇಟು ಕೊಚ್ಚಿಹೋಯಿತು. ಕಂಪ್ಯೂಟರ್ ಲೆಕ್ಕ ಇಷ್ಟು ಮುಂದುವರಿದಿದ್ದರೆ ಇದು ಮೊದಲೇ ತಿಳಿಯಬಾರದಿತ್ತೇ? ಮತ್ತೆ ಡ್ಯಾಂ ಕಟ್ಟುವವರು ಈಗಲೂ ಸಿಮೆಂಟಿನ ಪುಟ್ಟ ಡ್ಯಾಂ ಮಾಡಿ ನೀರು ಬಿಟ್ಟು ನೋಡುತ್ತಾರಂತೆ, ಯಾಕೆ? (ಹೊಸಪೇಟೆ)

ಉತ್ತರ: ಚೈನ್ ಯಾವಾಗ ತುಂಡಾಗುತ್ತದೆ ಅಂತ ಹೇಳುವುದು ನೀರಿನ ಲೆಕ್ಕದ ಕೆಲಸ ಅಲ್ಲ, ಅದು ಕಬ್ಬಿಣದ ಕಥೆ. ಗೇಟು ಹೋದ ಮೇಲಿನದು ನೀರಿನ ಲೆಕ್ಕ. ಆ ಕಿಂಡಿಯಿಂದ ನೀರು ಎಷ್ಟು ಬರುತ್ತದೆ, ಎಲ್ಲಿ ಬಡಿಯುತ್ತದೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ಕಿಂಡಿ ಮುಚ್ಚುವ ಹಲಗೆ) ಇಳಿಸಿದರೆ ಅದರ ಮೇಲೆ ಎಷ್ಟು ಬಲ ಬೀಳುತ್ತದೆ, ಇಂಥವನ್ನು ಚೆನ್ನಾಗಿಯೇ ಲೆಕ್ಕ ಹಾಕಬಹುದು.

ಎರಡನೇ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು. ಹೌದು, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1916ರಲ್ಲಿ ಶುರುವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, ನಮ್ಮ ಕೆಆರ್‌ಎಸ್‌ನಲ್ಲೂ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಪುಟ್ಟ ಡ್ಯಾಂಗಳನ್ನು ಕಟ್ಟಿ ನೀರು ಬಿಟ್ಟು ನೋಡುವ ಕೆಲಸ ಇಂಥ ಕಡೆ ನಡೆಯುತ್ತದೆ. 25ನೇ ಒಂದು ಅಳತೆಗೆ ಕಟ್ಟಿದರೆ ನೀರಿನ ವೇಗ 5ನೇ ಒಂದು ಆಗುತ್ತದೆ, ಅಲ್ಲಿ ಅಳೆದದ್ದನ್ನು 5ರಿಂದ ಗುಣಿಸಿದರೆ ನಿಜವಾದ ಡ್ಯಾಂನ ವೇಗ. ಅಲೆಯ ಎತ್ತರ, ನೀರಿನ ಪ್ರಮಾಣ ಎಲ್ಲ ಚೆನ್ನಾಗಿ ಸಿಗುತ್ತದೆ. ಮೋಸ ಆಗುವುದು ಗುಳ್ಳೆಯಲ್ಲಿ. ಡ್ಯಾಂ 25 ಪಟ್ಟು ಸಣ್ಣದಾಯಿತು ಅಂತ ಗುಳ್ಳೆ ಸಣ್ಣದಾಗುವುದಿಲ್ಲ. ನೀರು ಅದೇ ನೀರು, ಅದರ ಸರ್ಫೇಸ್ ಟೆನ್ಷನ್ ಅದೇ. ಎರಡು ಮಿಲಿಮೀಟರ್ ಗುಳ್ಳೆ ಅಲ್ಲೂ ಎರಡು ಮಿಲಿಮೀಟರ್. ಪುಟ್ಟ ಡ್ಯಾಂಗೆ ಹೋಲಿಸಿದರೆ ಅದು ನಿಂಬೆಹಣ್ಣು! ಹಾಗಾಗಿ ಮಾದರಿಯಲ್ಲಿ ನೀರು ಹೀರಿಕೊಳ್ಳುವ ಗಾಳಿ ನಿಜಕ್ಕಿಂತ ಕಡಿಮೆ.

ಗಾಳಿ ಎಷ್ಟಾದರೇನು ಅನ್ನಬೇಡಿ. 1983ರಲ್ಲಿ ಅಮೆರಿಕದ ಕೊಲರಾಡೋ ನದಿಗೆ ದೊಡ್ಡ ನೆರೆ ಬಂದು ಗ್ಲೆನ್ ಕ್ಯಾನ್ಯನ್ ಡ್ಯಾಂನ ಸುರಂಗಗಳಲ್ಲಿ ಹೆಚ್ಚುವರಿ ನೀರು ಬಿಟ್ಟರು. ಅಷ್ಟು ವೇಗದಲ್ಲಿ ಕಾಂಕ್ರೀಟಿನ ಸಣ್ಣ ಉಬ್ಬುತಗ್ಗಿನ ಹಿಂದೆಯೂ ಒತ್ತಡ ಪಾತಾಳಕ್ಕಿಳಿಯುತ್ತದೆ, ನೀರೇ ಆವಿಯ ಗುಳ್ಳೆಯಾಗುತ್ತದೆ, ಮುಂದೆ ಹೋಗಿ ಅದು ಪಟ್ಟನೆ ಕುಸಿದಾಗ ಸುತ್ತಿಗೆ ಏಟು ಬಿದ್ದ ಹಾಗೆ. ಕಾಂಕ್ರೀಟ್ ಕಿತ್ತುಹೋಗಿ, ಕೆಳಗಿನ ಬಂಡೆಯೂ ಕಿತ್ತು, ಸುಮಾರು 10 ಮೀಟರ್ ಆಳದ ಗುಂಡಿ ಬಿತ್ತು. ಮದ್ದು ಏನು ಗೊತ್ತಾ? ಸುರಂಗದ ಮೈಗೆ ಒಂದು ತೋಡು ಕೊರೆದು ನೀರಿಗೆ ಗಾಳಿ ಸೇರಿಸಿದರು. ನೂರಕ್ಕೆ ಕೆಲವೇ ಭಾಗ ಗಾಳಿ ಬೆರೆತರೆ ಸಾಕು, ಏಟು ಮೆತ್ತಗಾಗುತ್ತದೆ.

ಹಾಗಾದರೆ ಕಂಪ್ಯೂಟರ್‌ನಲ್ಲೇ ಮಾಡಿ ಅನ್ನುತ್ತೀರಿ. ಅಲ್ಲೂ ಅದೇ ಗೋಳು, ತಿರುಗುಮುರುಗಾಗಿ. ಡ್ಯಾಂ ಪೂರ್ತಿ ಹಿಡಿಸಬೇಕಾದರೆ ಮನೆಗಳು ಅಂಗೈ ಅಗಲ ಇರುತ್ತವೆ, ಎರಡು ಮಿಲಿಮೀಟರ್ ಗುಳ್ಳೆ ಅದರಲ್ಲಿ ಕಾಣುವುದೇ ಇಲ್ಲ. "ಇಷ್ಟು ಜೋರಾಗಿ ಕದಡಿದರೆ ಇಷ್ಟು ಗಾಳಿ ಸೇರುತ್ತದೆ" ಅಂತ ಒಂದು ಸೂತ್ರ ಹಾಕಿ ಸಂಭಾಳಿಸುತ್ತಾರೆ, ಆ ಸೂತ್ರಕ್ಕೆ ಬೇಕಾದ ಅಂಕಿಗಳು ಮತ್ತೆ ಪ್ರಯೋಗದಿಂದಲೇ ಬರಬೇಕು. ನನ್ನನ್ನು ಕೇಳಿದರೆ ಪುಟ್ಟ ಡ್ಯಾಂಗಳನ್ನು ಮುಚ್ಚುವ ಕಾಲ ಇನ್ನೂ ಬಂದಿಲ್ಲ.

ಪ್ರಶ್ನೆ: ರಾತ್ರಿ ನಲ್ಲಿಯಿಂದ ಬಕೆಟ್‌ಗೆ ಟಿಕ್ ಟಿಕ್ ಅಂತ ಹನಿ ಬೀಳುತ್ತಿದ್ದರೆ ನಿದ್ದೆ ಬರುವುದಿಲ್ಲ. ಅಷ್ಟು ಸಣ್ಣ ಹನಿಗೆ ಅಷ್ಟು ದೊಡ್ಡ ಸದ್ದು ಹೇಗೆ? ಪ್ಲಂಬರ್ ಬರುವವರೆಗೆ ಏನಾದರೂ ಉಪಾಯ ಇದೆಯಾ? (ಮೈಸೂರು)

ಉತ್ತರ: ಇದೆ ಅಮ್ಮ, ಬಕೆಟ್‌ಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ. ತಮಾಷೆ ಅಲ್ಲ.

ಸದ್ದು ಮಾಡುವುದು ಹನಿ ನೀರಿಗೆ ಬಡಿದದ್ದಲ್ಲ. ಹನಿ ಬಿದ್ದಾಗ ನೀರಿನಲ್ಲಿ ಒಂದು ಗುಂಡಿ ಆಗುತ್ತದೆ, ಅದು ಮುಚ್ಚಿಕೊಳ್ಳುವಾಗ ತಳದಲ್ಲಿ ಒಂದು ಪುಟಾಣಿ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ಕಂಪಿಸುತ್ತದೆ. ಮಿನಾರ್ಟ್ ಎಂಬ ವಿಜ್ಞಾನಿ 1933ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು, 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಕಂಪಿಸುತ್ತದೆ. 2018ರಲ್ಲಿ ಕೇಂಬ್ರಿಡ್ಜ್‌ನ ಅನುರಾಗ್ ಅಗರ್ವಾಲ್ ಮತ್ತು ಜೊತೆಗಾರರು ಹೈಸ್ಪೀಡ್ ಕ್ಯಾಮೆರಾ, ಮೈಕು ಇಟ್ಟು ನೋಡಿದರು. ಗುಳ್ಳೆ ಕಂಪಿಸುವಾಗ ಅದರ ಮೇಲಿನ ನೀರಿನ ಮೈಯನ್ನೂ ಕುಣಿಸುತ್ತದೆ, ಅದೇ ಗಾಳಿಗೆ ಸದ್ದು ಕೊಡುವುದು ಅಂತ ತೋರಿಸಿದರು. ಸೋಪು ಹಾಕಿದರೆ ಸರ್ಫೇಸ್ ಟೆನ್ಷನ್ ಇಳಿದು ಗುಳ್ಳೆ ಸಿಕ್ಕಿಬೀಳುವುದಿಲ್ಲ, ಸದ್ದೂ ಇಲ್ಲ.

ಕಂಪ್ಯೂಟರ್ ಕಥೆ ಕೇಳಿ. ಹೆಚ್ಚಿನ ಸಾಫ್ಟ್‌ವೇರ್‌ಗಳು ಕೆಲಸ ಹಗುರವಾಗಲಿ ಅಂತ ಗಾಳಿಯನ್ನು ಅದುಮಲಾಗದ ವಸ್ತು ಅಂತ ಅಂದುಕೊಳ್ಳುತ್ತವೆ. ಅದುಮಲಾಗದ ಗುಳ್ಳೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹನಿ ಬೀಳುತ್ತದೆ, ಗುಂಡಿಯಾಗುತ್ತದೆ, ಗುಳ್ಳೆಯೂ ಸಿಗುತ್ತದೆ, ಎಲ್ಲ ಸರಿ. ಆದರೆ ಆ ಲೆಕ್ಕದೊಳಗಿನ ನಲ್ಲಿ ಮೂಗಿ. ನಿಮಗೆ ಅಂಥದ್ದೇ ಬೇಕು ಅಲ್ವಾ?

ಅಂದಹಾಗೆ, ಕೊಡ ತುಂಬುವಾಗ ಸದ್ದಿನ ಶ್ರುತಿ ಏರುತ್ತಾ ಹೋಗುತ್ತದಲ್ಲ, ಅದು ಬೇರೆ. ಅಲ್ಲಿ ಕಂಪಿಸುವುದು ನೀರಿನ ಮೇಲೆ ಕೊಡದೊಳಗೆ ಉಳಿದ ಗಾಳಿ. ನೀರು ಏರಿದಷ್ಟೂ ಅದು ಕಡಿಮೆ, ಶ್ರುತಿ ಮೇಲೆ.

ಪ್ರಶ್ನೆ: ನಮ್ಮ ಮೀನಿನ ತೊಟ್ಟಿಯಲ್ಲಿ ಚಿಕ್ಕ ಗುಳ್ಳೆ ನೆಟ್ಟಗೆ ಮೇಲೆ ಬರುತ್ತೆ, ದೊಡ್ಡದು ಹಾವಿನ ಹಾಗೆ ಬರುತ್ತೆ. ಯಾಕೆ? ನಾನು ಎಂಟನೇ ಕ್ಲಾಸು. (ಶಿವಮೊಗ್ಗ)

ಉತ್ತರ: ಪುಟ್ಟಾ, ಇದೇ ಪ್ರಶ್ನೆಯನ್ನು 500 ವರ್ಷದ ಹಿಂದೆ ಲಿಯೊನಾರ್ಡೊ ಡಾ ವಿಂಚಿ ಕೂಡ ಬರೆದಿಟ್ಟಿದ್ದರು. ಪೂರ್ತಿ ಉತ್ತರ 2023ರಲ್ಲಿ ಬಂತು. ಸ್ಪೇನಿನ ಎರ್ರಾಡಾ, ಇಂಗ್ಲೆಂಡಿನ ಎಗ್ಗರ್ಸ್ ಇಬ್ಬರೂ ಸೇರಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಗುಳ್ಳೆಯ ತ್ರಿಜ್ಯ 0.926 ಮಿಲಿಮೀಟರ್ ದಾಟಿದರೆ ನೀರಿನಲ್ಲಿ ಅದು ನೆಟ್ಟಗೆ ಏರಲಾರದು ಅಂತ ತೋರಿಸಿದರು. ದೊಡ್ಡ ಗುಳ್ಳೆ ಸ್ವಲ್ಪ ವಾಲಿದರೆ ಒಂದು ಬದಿ ಜಾಸ್ತಿ ಬಾಗುತ್ತದೆ. ಆ ಬದಿಯಲ್ಲಿ ನೀರು ಜೋರಾಗಿ ಹರಿದು ಒತ್ತಡ ಇಳಿಯುತ್ತದೆ, ಗುಳ್ಳೆ ವಾಪಸು ತಿರುಗುತ್ತದೆ. ಆಮೇಲೆ ಇನ್ನೊಂದು ಬದಿ. ಹೀಗೇ ಓಲಾಡುತ್ತಾ ಮೇಲೆ ಬರುತ್ತದೆ.

ಅದಕ್ಕೂ ಮೊದಲು, 2015ರಲ್ಲಿ, ಹೈದರಾಬಾದಿನಲ್ಲಿದ್ದ ಮನೋಜ್ ತ್ರಿಪಾಠಿ, ಕೀರ್ತಿ ಚಂದ್ರ ಸಾಹು, ರಮಾ ಗೋವಿಂದರಾಜನ್ ಗುಳ್ಳೆಗಳ ಒಂದು ನಕ್ಷೆಯನ್ನೇ ಬರೆದರು. ರಮಾ ಅವರು ಅದಕ್ಕೆ ಮುಂಚೆ ಬೆಂಗಳೂರಿನ ಜಕ್ಕೂರಿನಲ್ಲಿ ಕೆಲಸ ಮಾಡುತ್ತಿದ್ದವರು. ಯಾವ ಗುಳ್ಳೆ ನೆಟ್ಟಗೆ ಏರುತ್ತದೆ, ಯಾವುದು ಲಂಗ ತೊಟ್ಟ ಹಾಗೆ ಆಗುತ್ತದೆ, ಯಾವುದು ಹಾವಿನ ಹಾಗೆ, ಯಾವುದು ಅಂಚಿನಲ್ಲಿ ಒಡೆಯುತ್ತದೆ, ಯಾವುದಕ್ಕೆ ನಡುವೆ ತೂತು ಬಿದ್ದು ಉದ್ದಿನ ವಡೆಯಾಗುತ್ತದೆ, ಒಟ್ಟು ಐದು ಥರ. ಅಂಚಿನ ಹತ್ತಿರ ಮಾತ್ರ ಮನೆಗಳನ್ನು ಸಣ್ಣಗೆ ಮಾಡಿ, ದೂರದಲ್ಲಿ ದೊಡ್ಡದಾಗಿ ಬಿಡುವ ಗೆರಿಸ್ ಎಂಬ ಸಾಫ್ಟ್‌ವೇರ್ ಬಳಸಿದ್ದರು. ನಿನ್ನ ಮೊಬೈಲ್‌ನಲ್ಲಿ ಸ್ಲೋ ಮೋಷನ್ ಇದ್ದರೆ ತೊಟ್ಟಿಯ ಮುಂದೆ ಹಿಡಿದು ನೋಡು.

ಪ್ರಶ್ನೆ: ಜೋಗವನ್ನು ಪೂರ್ತಿಯಾಗಿ ಕಂಪ್ಯೂಟರ್‌ನಲ್ಲಿ ಮಾಡಬಹುದಾ? (ಸಾಗರ)

ಉತ್ತರ: ಲೆಕ್ಕ ಹಾಕೋಣ ಬನ್ನಿ. ಎತ್ತರ 253 ಮೀಟರ್, 250 ಅಂತಿಟ್ಟುಕೊಳ್ಳಿ. ಅಗಲ 100 ಮೀಟರ್, ದಪ್ಪ 20 ಮೀಟರ್ ಅಂತ ಸುಮ್ನೆ ಹಿಡಿಯೋಣ. ಐದು ಲಕ್ಷ ಘನ ಮೀಟರ್ ಆಯಿತು. ತುಂತುರು ಕಾಣಬೇಕಾದರೆ ಮನೆ 1 ಮಿಲಿಮೀಟರ್ ಇರಬೇಕು, ಒಂದು ಘನ ಮೀಟರ್‌ಗೆ 100 ಕೋಟಿ ಮನೆ. ಒಟ್ಟು 5 ಕೋಟಿ ಕೋಟಿ! ಮೇಲೆ ಹೇಳಿದ ಹಾಗೆ ಅಂಚಿನಲ್ಲಿ ಮಾತ್ರ ಮನೆ ಸಣ್ಣಗೆ ಮಾಡಿದರೆ ಉಳಿಯುತ್ತದೆ ಅನ್ನಬಹುದು. ಆದರೆ ಜೋಗದಲ್ಲಿ ಅಂಚು ಬಿಟ್ಟು ಬೇರೇನಿದೆ? ಆ ನೀರು ಬೆಳ್ಳಗೆ ಕಾಣುವುದೇ ಅದಕ್ಕೆ. ಲೆಕ್ಕವಿಲ್ಲದಷ್ಟು ಹನಿ, ಗುಳ್ಳೆ, ಒಂದೊಂದರ ಮೈ ಮೇಲೂ ಬೆಳಕು ಬಡಿದು ಚದುರುತ್ತದೆ. ಬೆಳ್ಳಗೆ ಕಂಡಲ್ಲೆಲ್ಲ ಅಂಚೇ ಅಂಚು.

ಬೆಂಗಳೂರಿನ ಎನ್‌ಎಎಲ್‌ನವರು (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) 1986ರಲ್ಲಿ ಹಲವು ಪ್ರೊಸೆಸರ್ ಜೋಡಿಸಿ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿದ್ದು ಹರಿವಿನ ಲೆಕ್ಕ ಬಿಡಿಸುವುದಕ್ಕೇ. ಅಲ್ಲಿಂದ ಈಚೆಗೆ ಯಂತ್ರಗಳು ಎಲ್ಲೋ ಹೋಗಿವೆ, ಆದರೂ ಹನಿ ಹನಿಯಾಗಿ ಜೋಗ ಆಗುವುದಿಲ್ಲ. ಒಂದೊಂದು ಮನೆಯಲ್ಲಿ ನೂರಕ್ಕೆ ಇಷ್ಟು ನೀರು, ಇಷ್ಟು ಗಾಳಿ ಅಂತ ಬೆರೆಸಿಟ್ಟು ದೂರದಿಂದ ನೋಡಿದ ಜೋಗ ಮಾಡಬಹುದು. ನೀವು ಮಳೆಗಾಲದಲ್ಲಿ ಬಸ್ ಹತ್ತಿ ಹೋಗಿ ನೋಡುವುದು ಅಗ್ಗ.

ಪ್ರಶ್ನೆ: ಇದನ್ನು ಕಲಿಯಲು ಯಾವ ಸಾಫ್ಟ್‌ವೇರ್? ದುಡ್ಡು ಕೊಡಬೇಕಾ? (ಕಲಬುರಗಿ)

ಉತ್ತರ: ಬೇಡ. ಓಪನ್‌ಫೋಮ್ ಇದೆ, ಬೆಸಿಲಿಸ್ಕ್ ಇದೆ, ಎರಡೂ ಪುಕ್ಕಟೆ. ಮನೆಗಳೇ ಬೇಡ, ನೀರನ್ನು ಕಣಗಳಾಗಿ ನೋಡುತ್ತೇನೆ ಅನ್ನುವುದಾದರೆ ಡ್ಯುಯಲ್‌ಎಸ್‌ಪಿಎಚ್‌ಫಿಸಿಕ್ಸ್ ಇದೆ, ಆ ವಿಧಾನ 1977ರಲ್ಲಿ ಹುಟ್ಟಿದ್ದು ನಕ್ಷತ್ರಗಳ ಲೆಕ್ಕಕ್ಕೆ, ನೀರಿಗೆ ಬಂದದ್ದು ಆಮೇಲೆ. ಓಪನ್‌ಫೋಮ್ ಜೊತೆಗೇ ಡ್ಯಾಂ ಒಡೆಯುವ ಒಂದು ಪಾಠ ಬರುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ಓಡಿಸಿ. ಆಮೇಲೆ ನೀರಿನ ದಾರಿಗೆ ಅಡ್ಡ ಇಟ್ಟಿರುವ ಪುಟ್ಟ ತಡೆ ತೆಗೆದು ಬರೀ ನೀರಿನ ಕಂಬ ಕುಸಿಯುವ ಹಾಗೆ ಮಾಡಿ, ಮಾರ್ಟಿನ್ ಮತ್ತು ಮೊಯ್ಸ್ 1952ರಲ್ಲಿ ಪ್ರಯೋಗ ಮಾಡಿ ಅಳೆದ ಅಂಕಿಗಳ ಜೊತೆ ಹೋಲಿಸಿ. ದಾವಣಗೆರೆಯ ಹುಡುಗನಿಗೂ ಇದನ್ನೇ ಹೇಳಬೇಕಿತ್ತು, ಮರೆತೆ.